ಹತ್ತಕ್ಕೆ ಎಷ್ಟು ನೋವು?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನನ್ನ ಪಿತ್ತಕೋಶ ತೆಗೆದ ರಾತ್ರಿ ನರ್ಸ್ ಹಾಸಿಗೆ ಹತ್ತಿರ ಬಂದು ಕೇಳಿದರು: "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?" ಹತ್ತಕ್ಕೆ ಎಷ್ಟು ಅಂದರೆ ನಮ್ಮಂಥವರಿಗೆ ನೆನಪಾಗುವುದು ಕಿರುಪರೀಕ್ಷೆ. ಕಡಿಮೆ ಹೇಳಿದರೆ ಮಾತ್ರೆ ಸಿಗದು, ಜಾಸ್ತಿ ಹೇಳಿದರೆ ನಾಟಕ ಅಂದುಕೊಂಡಾರು. ಅಳೆದೂ ಸುರಿದೂ ಆರು ಅಂದೆ.

ಅವರು ಬರೆದುಕೊಂಡು ಹೊರಟುಬಿಡಲಿಲ್ಲ. ಎಲ್ಲಿ ಅಂತ ಕೇಳಿದರು. ಬಲ ಭುಜ ತೋರಿಸಿದೆ. ಹೊಟ್ಟೆ ಕೊಯ್ಸಿಕೊಂಡವನು ಭುಜ ತೋರಿಸುವುದಕ್ಕೆ ನನಗೇ ನಾಚಿಕೆ. ಅವರಿಗದು ದಿನನಿತ್ಯದ ಸಂಗತಿ. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್ನಿನಲ್ಲಿ, ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು) ಕೆರಳಿಸುತ್ತದೆ, ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ಹೆಜ್ಜೆ ನಡೆದಾಡಿ, ಕಡಿಮೆಯಾಗುತ್ತೆ ಅಂದರು. ಆಮೇಲೆ ಕೆಮ್ಮಿಸಿದರು. ಕೆಮ್ಮಲು ಹೋಗಿ ನಾನು ಹೊಟ್ಟೆ ಹಿಡಿದುಕೊಂಡದ್ದನ್ನು ನೋಡಿದ ಮೇಲೆಯೇ ಔಷಧಿ ಬಂದದ್ದು. ಸುಮ್ಮನೆ ಮಲಗಿದ್ದಾಗ ನೋವು ಇಲ್ಲದಿದ್ದರೇನು? ನೋವಿಗೆ ಹೆದರಿ ಕೆಮ್ಮದೆ, ಆಳವಾಗಿ ಉಸಿರೆಳೆಯದೆ ಇದ್ದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಅರ್ಧ ಗಂಟೆ ಬಿಟ್ಟು ಅವರೇ ಮತ್ತೆ ಬಂದರು. "ಈಗ ಎಷ್ಟು?"

(ಊರಿನ ಅಭ್ಯಾಸದಲ್ಲಿ ನಾನು ಅವರನ್ನು ಸಿಸ್ಟರ್ ಅಂತ ಕರೆದೆ. ಅಲ್ಲಿ ಸಿಸ್ಟರ್ ಅಂದರೆ ವಾರ್ಡಿನ ಮೇಲ್ವಿಚಾರಕಿ. ಬಡ್ತಿ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಅಂತ ನಕ್ಕರು.)

ಮರುವರ್ಷ ಹಾಸನದಲ್ಲಿ ಅಮ್ಮನ ಮಂಡಿ ಆಪರೇಷನ್. ಆಸ್ಪತ್ರೆ ಹೊಸದು, ಚಾರ್ಟಿನಲ್ಲಿ ನೋವಿನ ಅಂಕಕ್ಕೂ ಒಂದು ಕಾಲಂ ಇತ್ತು. ಸಿಸ್ಟರ್ ಬಾಗಿಲಿಂದಲೇ "ನೋವು ಇದ್ಯಾ ಅಜ್ಜಿ?" ಅನ್ನೋರು. ಅಮ್ಮ "ಪರವಾಗಿಲ್ಲ ಕಣವ್ವ" ಅನ್ನೋಳು. ಕಾಲಂನಲ್ಲಿ ಎರಡು ಬೀಳೋದು. ಬೆಳಿಗ್ಗೆ ನೋಡಿದರೆ ನಾಲ್ಕು ಗಂಟೆಗೊಮ್ಮೆ ಎರಡು, ಎರಡು, ಎರಡು. ಅಮ್ಮ ಮಾತ್ರ ರಾತ್ರಿಯಿಡೀ ಸೆರಗಿನ ತುದಿ ಕಚ್ಚಿಕೊಂಡು ಮಲಗಿದ್ದಳು.

ಸಿಸ್ಟರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ರಾತ್ರಿ ಇಬ್ಬರಿಗೆ ಮೂವತ್ತಕ್ಕೂ ಮಿಕ್ಕಿ ಹಾಸಿಗೆ. ಅದೂ ಅಲ್ಲದೆ, ಒಮ್ಮೆ ಅವರು ಹತ್ತಿರ ಬಂದು ಸರಿಯಾಗಿ ಕೇಳಿದಾಗ "ನಾಲ್ಕೋ ಐದೋ ಇರಬಹುದು ಸಿಸ್ಟರ್" ಎಂದು ಉತ್ತರ ಕೊಟ್ಟವನು ನಾನು. ನೋವು ಅವಳದು, ಅಂಕ ನನ್ನದು. ರೋಗಿ ಏನನ್ನು ನೋವು ಅನ್ನುತ್ತಾರೋ ಅದೇ ನೋವು, ಇದೆ ಅಂದಾಗ ಇದೆ ಎಂದು ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫರಿ 1968ರಲ್ಲೇ ಹೇಳಿದ್ದರು. ನಮ್ಮ ವಾರ್ಡುಗಳಲ್ಲಿ ರೋಗಿಯ ಮಗ, ಸೊಸೆ, ಭಾವಮೈದ ಅಂದದ್ದೇ ನೋವು.

ಅಮ್ಮನಿಗೆ ಹತ್ತಕ್ಕೆ ಎಷ್ಟು ಅಂತ ಕೇಳಿದರೆ ತಿಳಿಯುತ್ತಿರಲಿಲ್ಲ, ನಿಜ. ಹೆಂಗೆ ನೋಯ್ತದೆ ಅಂತ ಕೇಳಬೇಕಿತ್ತು. ಮಾರನೇ ದಿನ ನಾನು ಕೇಳಿದೆ. "ಒಳಗೆ ಚುಳ್ ಚುಳ್ ಅಂತದೆ, ಮ್ಯಾಲೆ ಉರೀತದೆ, ಪಟ್ಟಿ ಕಟ್ಟಿರೋ ಕಡೆ ಗಾಣಕ್ಕೆ ಹಾಕಿ ಹಿಂಡ್ದಂಗೆ." ಮೂರು ಮಾತಿಗೆ ಮೂರು ಅರ್ಥ. ಉರಿ, ಚುಳುಕು ನರದ ಕಡೆ ಬೆರಳು ತೋರಿಸಬಹುದು. ಹಿಂಡಿದ ಹಾಗೆ ಅಂದರೆ ಮೊದಲು ಪಟ್ಟಿ ಬಿಗಿಯಾಗಿದೆಯೇ, ಕಾಲು ಊದಿದೆಯೇ ನೋಡಬೇಕು. ಮಧ್ಯಾಹ್ನದ ಪಾಳಿಯ ಸಿಸ್ಟರ್‌ಗೆ ಅದನ್ನೇ ಹೇಳಿದಾಗ ಅವರು ಪಾದದ ಬೆರಳು ಮುಟ್ಟಿ ನೋಡಿದರು, ಡಾಕ್ಟರನ್ನು ಕೇಳಿ ಪಟ್ಟಿ ಸಡಿಲಿಸಿದರು, ಐಸ್ ಇಟ್ಟರು. ಅಮ್ಮ ಅವತ್ತು ನಿದ್ದೆ ಮಾಡಿದಳು. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ 78 ಪದಗಳನ್ನು ಕಲೆಹಾಕಿ ಒಂದು ಪ್ರಶ್ನಾವಳಿ ಮಾಡಿದರು. ನಮ್ಮ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿದರೆ ಸೆಳೆತ, ನುಲಿತ, ಸಿಡಿತ, ಜೋಮು ಅಂತ ಕನ್ನಡದ ಪಟ್ಟಿ ಅಷ್ಟಕ್ಕೇ ನಿಲ್ಲುತ್ತದೆಯೇ?

ಹಾಗಂತ ಹೊರಗಿನದೆಲ್ಲ ಚೆನ್ನ ಅನ್ನುವವನಲ್ಲ ನಾನು. ಅಮೆರಿಕದಲ್ಲಿ 1990ರ ದಶಕದಲ್ಲಿ ನೋವನ್ನು ನಾಡಿ, ಉಸಿರು, ಜ್ವರ, ಬಿಪಿಗಳ ಸಾಲಿಗೆ ಐದನೆಯದಾಗಿ ಸೇರಿಸಿದರು. ಅಂಕ ಇಳಿಸುವ ಭರದಲ್ಲಿ ಓಪಿಯಾಯ್ಡ್ (ಮಾರ್ಫಿನ್ ಜಾತಿಯ, ಚಟ ಹಿಡಿಸಬಲ್ಲ ನೋವುನಿವಾರಕ) ಮಾತ್ರೆಗಳು ಹೆಚ್ಚಿದವೆಂಬ ಟೀಕೆ ಎದ್ದು, 2016ರಲ್ಲಿ ಅಲ್ಲಿನ ವೈದ್ಯರ ಸಂಘವೇ ಆ ಪಟ್ಟ ತೆಗೆಯಿರಿ ಅಂದಿತು. ನಮ್ಮಲ್ಲಿ ತಿರುವುಮುರುವು. 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ಸಡಿಲಿಸಿದರೂ ಭಯ ಪೂರ್ತಿ ಹೋಗಿಲ್ಲ. ಲೆಸ್ಟರ್‌ನಲ್ಲಿ ಪಕ್ಕದ ಹಾಸಿಗೆಯವರಿಗೆ ಮಾರ್ಫಿನ್ ಕೊಡುವಾಗ ಇಬ್ಬರು ನರ್ಸ್‌ಗಳು ಒಟ್ಟಿಗೆ ಬಂದು ಸಹಿ ಹಾಕುತ್ತಿದ್ದರು. ಕೊಟ್ಟ ಮೇಲೆ ಉಸಿರು ಎಣಿಸುತ್ತಿದ್ದರು, ಮಂಪರು ಎಷ್ಟಿದೆ ಅಂತ ಮಾತಾಡಿಸಿ ನೋಡುತ್ತಿದ್ದರು. ಆ ಔಷಧಿ ಮಿತಿ ಮೀರಿದರೆ ಉಸಿರನ್ನೇ ನಿಧಾನ ಮಾಡುತ್ತದಲ್ಲ.

ನನಗೆ ಊರಿಗೆ ತರಬೇಕು ಅನ್ನಿಸುವುದು ಅಂಕದ ಕಾಲಂ ಅಲ್ಲ, ಅದು ಆಗಲೇ ಬಂದಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದು "ಈಗ?" ಅಂತ ಕೇಳುವುದು. ಅದಕ್ಕೆ ಮಷೀನು ಬೇಡ, ಇನ್ನಿಬ್ಬರು ಸಿಸ್ಟರ್‌ಗಳು ಬೇಕು.

ಮುಂದಿನ ತಿಂಗಳು ಅಮ್ಮನ ಇನ್ನೊಂದು ಮಂಡಿ. ನನಗೆ ರಜೆ ಸಿಕ್ಕಿಲ್ಲ, ತಂಗಿ ಜೊತೆಗಿರುತ್ತಾಳೆ. ಫೋನಿನಲ್ಲಿ ಅವಳಿಗೆ ಎರಡೇ ಮಾತು ಹೇಳಿದ್ದೇನೆ: ಸಿಸ್ಟರ್ ಕೇಳಿದಾಗ ನೀನು ಬಾಯಿ ಬಿಡಬೇಡ. ಅಮ್ಮ ಪರವಾಗಿಲ್ಲ ಅಂದರೆ, ಕಾಲು ಮಡಚಿ ನೋಡಮ್ಮ ಅನ್ನು.