ಹಿಮ್ಮಡಿಗೆ ವಕೀಲರಿಲ್ಲ

ಧನುರ್ಮಾಸ ಬಂತೆಂದರೆ ವಿಜಯಪುರ, ಬೀದರ್ ಕಡೆ ಹಿಮ್ಮಡಿ ಒಡೆಯುತ್ತದೆ, ತುಟಿ ಸೀಳುತ್ತದೆ, ಮೊಣಕಾಲಿನ ಕೆಳಗೆ ಉಗುರಿನಲ್ಲಿ ಹೆಸರು ಗೀಚಿದರೆ ಓದಲು ಬರುತ್ತದೆ. ಕಾರಣ ಗುಟ್ಟೇನಲ್ಲ. ಒಣಗಾಳಿ ಚರ್ಮದ ತೇವ ಹೀರುತ್ತದೆ. ನಾವೋ ಚಳಿಗೆ ಅಂಜಿ ಸುಡುಸುಡು ನೀರು ಹೊಯ್ದುಕೊಂಡು, ಸೋಪು ತಿಕ್ಕಿ, ಉಳಿದ ಜಿಡ್ಡನ್ನೂ ಬಚ್ಚಲಿಗೆ ಬಿಡುತ್ತೇವೆ. ಸ್ನಾನ ಮುಗಿದು ಮೈ ಇನ್ನೂ ಹಸಿ ಇರುವಾಗಲೇ ಏನಾದರೂ ಜಿಡ್ಡು ಸವರಿದರೆ ತೇವ ಒಳಗೇ ಉಳಿಯುತ್ತದೆ. ಚರ್ಮದ ಡಾಕ್ಟರೂ ಇದನ್ನೇ ಹೇಳುತ್ತಾರೆ, ಅಜ್ಜಿಯರೂ ಇದನ್ನೇ ಹೇಳುತ್ತಿದ್ದರು.

ಆದರೆ ಯಾವ ಜಿಡ್ಡು ಎಂದು ತೀರ್ಮಾನಿಸುವವರು ಬೇರೆಯೇ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪಟ್ಟಿ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಚರ್ಮ ಒಣಗಿಸುವ ಸೋಪಿನ ಬಿಲ್ಲೆಗೆ ಶೇ 5 ತೆರಿಗೆ. ಒಣಗಿದ ಚರ್ಮಕ್ಕೆ ಹಚ್ಚುವ ಕ್ರೀಮಿಗೆ ಶೇ 18. ಬಿಳಿಚಿದ ಮುಖವನ್ನು ಇನ್ನಷ್ಟು ಬಿಳಿಚಿಸುವ ಪೌಡರಿಗೆ ಮತ್ತೆ ಶೇ 5. ತುಟಿಗೆ ಲಿಪ್ ಬಾಮ್ ಆದರೆ 18, ತುಪ್ಪವಾದರೆ 5. ಮೂಗಿಗೆ ತುಪ್ಪ ಸವರಿ ಅಭ್ಯಾಸವಿದ್ದವರು ತುಟಿಯನ್ನೂ ಮರೆತಿಲ್ಲ. ಹಿಮ್ಮಡಿ ಬಿರುಕಿಗೆಂದು ಸೌಂದರ್ಯವರ್ಧಕವಾಗಿ ಮಾರುವ ಕ್ರೀಮು ಕೊಂಡಿರೋ, 18. ಬಿರುಕು ಹಾಗೇ ಇರಲಿ, ಸುತ್ತ ಪಾದದ ಕೆಂಪು ಬಣ್ಣ ಆಲ್ತಾ ಬಳಿದುಕೊಳ್ಳುತ್ತೇನೆ ಎಂದರೆ ಸೊನ್ನೆ! ಗುಂಡಿ ಮುಚ್ಚದೆ ರಸ್ತೆಗೆ ಬಿಳಿ ಪಟ್ಟೆ ಎಳೆಯುವವರು ಈ ಪಟ್ಟಿ ಓದಿ ಕಣ್ಣೀರು ಹಾಕಿಯಾರು.

ಕೊಬ್ಬರಿ ಎಣ್ಣೆಯ ಕಥೆಯಂತೂ ಇನ್ನೂ ರಸವತ್ತು. ಅದು ಅಡುಗೆಯದೋ, ತಲೆಯದೋ? ಅಡುಗೆಯದಾದರೆ 5, ತಲೆಯದಾದರೆ 18 ಎಂಬ ಕಾಲವದು. ಜಿಎಸ್‌ಟಿಗೂ ಮೊದಲೇ, 2009ರಲ್ಲಿ, 200 ಎಂಎಲ್‌ವರೆಗಿನ ಸಣ್ಣ ಡಬ್ಬಿಯಲ್ಲಿದ್ದರೆ ಅದು ತಲೆಯದೇ ಎಂದು ಅಬಕಾರಿ ಸುಂಕದವರು ಸುತ್ತೋಲೆ ಹೊರಡಿಸಿದ್ದರು. ಸಣ್ಣ ಡಬ್ಬಿ ಕೊಳ್ಳುವ ಬಡವ ಒಗ್ಗರಣೆ ಹಾಕುವುದುಂಟೇ? ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. 2018ರ ಏಪ್ರಿಲ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಅಡುಗೆ ಎಂದರು, ಇನ್ನೊಬ್ಬರು ತಲೆ ಎಂದರು. ಬಿರುಬೇಸಗೆಯಲ್ಲೇ ಪೀಠ ಒಡೆಯಿತು. ಕೊನೆಗೆ 2024ರ ಡಿಸೆಂಬರ್ ಚಳಿಯಲ್ಲಿ ಮೂವರ ಪೀಠ ಕೂಡಿ, ಡಬ್ಬಿ ಸಣ್ಣದೆಂಬ ಮಾತ್ರಕ್ಕೆ ಎಣ್ಣೆ ತಲೆಗೇರದು, ಖಾದ್ಯ ತೈಲವೆಂದು ಮಾರಿದರೆ ಖಾದ್ಯವೇ ಎಂದಿತು. ಒಂಬತ್ತು ತಿಂಗಳಲ್ಲಿ ತಲೆಯೆಣ್ಣೆಗೂ ತೆರಿಗೆ 5ಕ್ಕಿಳಿದು, ಅಷ್ಟು ವರ್ಷದ ವಾದ ಎಣ್ಣೆ ಇಂಗಿದಂತೆ ಇಂಗಿತು. ಇಷ್ಟರ ನಡುವೆ ಮಂಗಳೂರಿನವರು ಅದರಲ್ಲೇ ಮೀನು ಹುರಿದರು, ಬೆಂಗಳೂರಿನವರು ಅದನ್ನೇ ತಲೆಗೆ ತಟ್ಟಿದರು, ವಿಜಯಪುರದವರು ಅದನ್ನೇ ಹಿಮ್ಮಡಿಗೆ ತಿಕ್ಕಿದರು. ಹೊಟ್ಟೆಗೂ ತಲೆಗೂ ದೊಡ್ಡ ದೊಡ್ಡ ವಕೀಲರು ನಿಂತರು. ಹಿಮ್ಮಡಿಯ ಪರ ಒಬ್ಬರೂ ಎದ್ದು ನಿಲ್ಲಲಿಲ್ಲ.

ಕ್ರೀಮು ಕಂಪನಿಗಳಿಗೆ ಇನ್ನೊಂದು ದಾರಿ ಗೊತ್ತು: ಔಷಧ ಎನಿಸಿಕೊಳ್ಳುವುದು. ಅರಿಸಿನದ ವಿಕೋ ಕ್ರೀಮು ಸೌಂದರ್ಯವರ್ಧಕವೋ ಮದ್ದೋ ಎಂಬ ಜಗಳವೂ ಸುಪ್ರೀಂ ಕೋರ್ಟಿನಲ್ಲೇ ತೀರಿತು, ಮದ್ದು ಎಂದು. ಈಗ ಬಹುತೇಕ ಔಷಧಿಗೆ ಶೇ 5. ಅಂದರೆ ಚರ್ಮ ಚೆನ್ನಾಗಿರಲಿ ಎಂದು ಮೊದಲೇ ಕ್ರೀಮು ಹಚ್ಚುವುದು ಷೋಕಿ, ಒಡೆದು ರಕ್ತ ಬಂದ ಮೇಲೆ ಮುಲಾಮು ಹಚ್ಚುವುದು ಅಗತ್ಯ. ಖಜಾನೆಯ ಲೆಕ್ಕದಲ್ಲಿ ಜಾಣತನಕ್ಕೆ ಶೇ 13ರಷ್ಟು ಹೆಚ್ಚುವರಿ ದಂಡ.

ಇನ್ನು ಫ್ರಿಜ್ಜಿನಲ್ಲಿ ಹಾಲಿನ ಮೇಲೆ ಕಟ್ಟುವ ಕೆನೆ ಉಳಿಯಿತು. ಅದನ್ನು ಹುಳಿ ಹಾಕಿ ಬೆಣ್ಣೆ ತೆಗೆಯಬಹುದು, ರಾತ್ರಿ ಮಲಗುವಾಗ ಕೈಗೂ ಸವರಬಹುದು. ತೆರಿಗೆಯ ಯಾವ ಶೀರ್ಷಿಕೆಯಡಿ ಬರುತ್ತದೆಂದು ಯಾರೂ ಇನ್ನೂ ಕೇಳಿಲ್ಲ. ದಯವಿಟ್ಟು ಮೆಲ್ಲಗೆ ಮಾತಾಡಿ, ಜಿಎಸ್‌ಟಿ ಕೌನ್ಸಿಲ್ ಮತ್ತೆ ಸಭೆ ಸೇರುವುದಿದೆ.