ಬಜೆಟ್ ಭಾಷಣದಲ್ಲಿ ಕೇಳಿಸದ ಬಜೆಟ್

ಬಜೆಟ್ ಭಾಷಣ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳ ಲೆಕ್ಕ, ತೆರಿಗೆ ನೋಡಿಕೊಳ್ಳುವುದು ನನ್ನ ಕಸುಬಾದ್ದರಿಂದ ಎಲ್ಲರೂ ಕೇಳುವುದು ಒಂದೇ: "ಸರ್, ಬಜೆಟ್ ನಮಗೆ ಒಳ್ಳೆಯದೋ ಕೆಟ್ಟದೋ?" ಆ ಹೊತ್ತಿಗೆ ಅವರಿಗೆ ಗೊತ್ತಿರುವಷ್ಟೇ ನನಗೂ ಗೊತ್ತಿರುತ್ತದೆ. ಭಾಷಣ ಟಿವಿಯವರಿಗೆ. ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕುವುದು ಅದರ ಜೊತೆಗೆ ಮಂಡನೆಯಾಗುವ ಹಣಕಾಸು ಮಸೂದೆ. ಅದನ್ನು ಓದಲು ಎರಡು ದಿನ ಬೇಕು, ಅದರ ಬಿಸಿ ತಟ್ಟಲು ಕೆಲವೊಮ್ಮೆ ಇಡೀ ವರ್ಷ ಹಿಡಿಯುತ್ತದೆ.

2023ರ ಬಜೆಟ್ ನೆನಪಿಸಿಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷ ರೂಪಾಯಿ ಆದಾಯದವರೆಗೆ ತೆರಿಗೆ ಇಲ್ಲ ಎಂಬುದೇ ಅಂದು ಎಲ್ಲ ಕಡೆ ತಲೆಬರಹ. ಅದೇ ಭಾಷಣದಲ್ಲಿ ಇನ್ನೊಂದು ಮಾತು ಸದ್ದಿಲ್ಲದೆ ಬಂದು ಹೋಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಸಕಾಲಕ್ಕೆ ಕೊಡದಿದ್ದರೆ, ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಅದನ್ನು ಖರ್ಚೆಂದು ತೋರಿಸಬಹುದು. ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ(ಎಚ್) ಎಂದು ವ್ಯಾಪಾರಸ್ಥರ ಬಾಯಲ್ಲಿ ಓಡಾಡಿದ್ದು ಇದೇ. ಆಗ ಒಬ್ಬರೂ ಫೋನ್ ಮಾಡಲಿಲ್ಲ.

ಫೋನ್ ಬಂದದ್ದು 2024ರ ಆರಂಭದಲ್ಲಿ, ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಅಷ್ಟರೊಳಗೆ ಹಣ ಸಂದಾಯವಾಗಬೇಕು. ಡಿಸೆಂಬರಿನಲ್ಲಿ ಸರಕು ತರಿಸಿಕೊಂಡು 10 ಲಕ್ಷ ಬಾಕಿ ಉಳಿಸಿಕೊಂಡವನು ಮಾರ್ಚ್ 31ರೊಳಗೆ ಕೊಡದಿದ್ದರೆ ಆ 10 ಲಕ್ಷ ಅವನ ಆದಾಯಕ್ಕೇ ಸೇರುತ್ತದೆ. ಶೇ. 30ರ ದರದಲ್ಲಿರುವವನಿಗೆ 3 ಲಕ್ಷ ತೆರಿಗೆ, ಅದರ ಮೇಲೆ ಸೆಸ್. ಮುಂದೆ ಪಾವತಿ ಮಾಡಿದ ವರ್ಷ ಅದನ್ನು ಖರ್ಚೆಂದು ಆದಾಯದಿಂದ ಕಳೆಯಬಹುದು, ಸರಿ. ಈ ವರ್ಷದ ತೆರಿಗೆಗೆ ಹಣ ಹೊಂದಿಸುವುದು ಎಲ್ಲಿಂದ?

ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಬುಷ್, ಶಾಫ್ಟ್ ಮಾಡಿಕೊಡುವ ಒಬ್ಬರು ನನ್ನಲ್ಲಿ ಲೆಕ್ಕ ಬರೆಸುತ್ತಾರೆ. ಅವರ ಬಾಕಿ ಪುಸ್ತಕ ನೋಡಿದರೆ ದೊಡ್ಡ ಕಂಪನಿಗಳ ಹೆಸರಿನ ಮುಂದೆಯೇ ಹಳೆಯ ಬಿಲ್ಲುಗಳು. 90 ದಿನ, 120 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು ಸಣ್ಣ ಉದ್ಯಮಗಳಿಗೆಂದೇ ಇರುವ 2006ರ ಕಾಯ್ದೆಯೇ ಹೇಳುತ್ತದೆ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಬರುವುದಿಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ. ಆ ಮಾರ್ಚಿನಲ್ಲಿ ಅವರಿಗೆ ಕೇಳದೆಯೇ ಹಳೆಯ ಬಾಕಿಗಳು ಬಂದವು. ಕೊಡುವವರ ಆಡಿಟರ್‌ಗಳೇ ಪಟ್ಟಿ ಹಿಡಿದು ಕುಳಿತಿದ್ದರು. ಇದು ಒಂದು ಮುಖ. ಅವರಿಂದ ಸರಕು ಕೊಳ್ಳುವ ಇನ್ನೊಂದು ಪಾರ್ಟಿಯವರು ಅವರಿಗೆ ಫೋನ್ ಮಾಡಿ, "ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಬಿಡಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ" ಎಂದರು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಮಾಡಿಸುವ ಆ ನೋಂದಣಿ ಇಲ್ಲದಿದ್ದರೆ ಗಡುವಿನ ಕಾಟ ಇರುವುದಿಲ್ಲ ಎಂಬುದು ಆ ಪಾರ್ಟಿಯ ಲೆಕ್ಕ. ನಮ್ಮವರು ಮಾಡಿಸಲಿಲ್ಲ, ಆ ಪಾರ್ಟಿ ಕೈಬಿಟ್ಟು ಹೋಯಿತು. ಇಷ್ಟಾದರೂ ಈ ನಿಯಮ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಸಣ್ಣವನ ದುಡ್ಡಿನಲ್ಲಿ ದೊಡ್ಡವನು ಬಡ್ಡಿಯಿಲ್ಲದೆ ವ್ಯಾಪಾರ ಮಾಡುವುದಕ್ಕೆ ಇಷ್ಟು ಗಟ್ಟಿಯಾದ ಕಡಿವಾಣ ಹಿಂದೆ ಬಿದ್ದಿರಲಿಲ್ಲ.

2025ರ ಬಜೆಟ್ಟಿನಲ್ಲಿ ಇದಕ್ಕೆ ಇನ್ನೊಂದು ಗಂಟು ಬಿತ್ತು. ಸಣ್ಣ ಉದ್ಯಮದ ವಹಿವಾಟಿನ ಮಿತಿ 50 ಕೋಟಿಯಿಂದ 100 ಕೋಟಿಗೆ, ಹೂಡಿಕೆಯ ಮಿತಿ 10 ಕೋಟಿಯಿಂದ 25 ಕೋಟಿಗೆ ಏರಿತು. ಎಲ್ಲರೂ ಇದನ್ನು ಸಾಲ ಸೌಲಭ್ಯದ ಸುದ್ದಿಯೆಂದು ಓದಿದರು. ಆದರೆ ನಿನ್ನೆಯವರೆಗೆ ಮಧ್ಯಮ ಎನಿಸಿಕೊಂಡಿದ್ದ ಎಷ್ಟೋ ಮಾರಾಟಗಾರರು ಸಣ್ಣವರಾದರು, ಅವರಿಂದ ಕೊಳ್ಳುವವರೆಲ್ಲ 45 ದಿನದ ಗಡುವಿಗೆ ಸಿಕ್ಕಿಕೊಂಡರು. ಟಿವಿಯಲ್ಲಿ ಇದನ್ನು ಹೇಳಿದವರನ್ನು ನಾನಂತೂ ಕಾಣೆ.

ಹೂಡಿಕೆದಾರರ ಗೋಳು ಬೇರೆ ಬಗೆಯದು. ಬಜೆಟ್ ದಿನವಾದ 2024ರ ಜುಲೈ 23ರಂದು ಷೇರುಗಳ ಅಲ್ಪಾವಧಿ ಲಾಭದ ತೆರಿಗೆ ಶೇ. 15ರಿಂದ 20ಕ್ಕೆ, ದೀರ್ಘಾವಧಿಯದು ಶೇ. 10ರಿಂದ 12.5ಕ್ಕೆ ಏರಿತು. ಸೆನ್ಸೆಕ್ಸ್ ಒಂದು ಹಂತದಲ್ಲಿ 1,200ಕ್ಕೂ ಹೆಚ್ಚು ಅಂಶ ಕುಸಿದು, ಕೊನೆಗೆ 73 ಅಂಶಗಳ ಇಳಿಕೆಯೊಂದಿಗೆ ದಿನ ಮುಗಿಸಿತು. ಮಧ್ಯಾಹ್ನ ಗಾಬರಿಯಲ್ಲಿ ಮಾರಿದವರಿಗೆ ಸಂಜೆ ಏನನ್ನಿಸಿರಬೇಕು!

ದರ ಏರಿದ್ದಕ್ಕೆ ನನ್ನ ತಕರಾರಿಲ್ಲ. ಸಂಬಳದವರು ಶೇ. 30 ಕಟ್ಟುವಾಗ ಷೇರಿನ ಲಾಭಕ್ಕೆ 12.5 ಹೆಚ್ಚಾಯಿತು ಎನ್ನಲು ನಾಲಿಗೆ ಏಳುವುದಿಲ್ಲ. ತಕರಾರು ಇರುವುದು ಜಾರಿಯ ದಿನಾಂಕದ ಬಗ್ಗೆ. ಅಂದಿನಿಂದಲೇ ಜಾರಿ ಎಂದರು. ಹಿಂದಿನ ದಿನ ಮಾರಿದವನಿಗೆ ಹಳೆಯ ದರ, ಈ ದಿನ ಮಾರಿದವನಿಗೆ ಹೊಸದು. ಮುಂಚೆ ಹೇಳಿದರೆ ಎಲ್ಲರೂ ಮಾರಲು ಮುಗಿಬೀಳುತ್ತಾರೆ ಎಂಬ ವಾದವಿದೆ. ಅದಕ್ಕೆ ಉತ್ತರ 2018ರಲ್ಲೇ ಇತ್ತು. ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ದೀರ್ಘಾವಧಿ ಲಾಭಕ್ಕೆ ಮತ್ತೆ ತೆರಿಗೆ ಹಾಕಿದಾಗ ಆ ಜನವರಿ 31ರವರೆಗಿನ ಲಾಭಕ್ಕೆ ರಕ್ಷಣೆ ಕೊಟ್ಟು, ಏಪ್ರಿಲ್ 1ರಿಂದ ಜಾರಿ ಮಾಡಿದ್ದರು. ಮಾರುಕಟ್ಟೆ ಆಗಲೂ ಬಿದ್ದಿತ್ತು. ಆದರೆ ಹಳೆಯ ಲಾಭದ ಮೇಲೆ ಹೊಸ ನಿಯಮ ಬಿದ್ದಿತೆಂದು ದೂರಲು ಜಾಗವಿರಲಿಲ್ಲ.

2024ರ ಅದೇ ಜುಲೈನಲ್ಲಿ ಆಸ್ತಿ ಮಾರಾಟಕ್ಕಿದ್ದ ಇಂಡೆಕ್ಸೇಷನ್ ಅನ್ನೂ, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಲಾಭ ಲೆಕ್ಕ ಹಾಕುವ ಅನುಕೂಲವನ್ನೂ, ತೆಗೆದರು. ದಶಕಗಳ ಹಿಂದೆ ನಿವೇಶನ ಕೊಂಡವರೆಲ್ಲ ಹೌಹಾರಿದರು. ಕೂಗು ಜೋರಾದ ಮೇಲೆ, ಎರಡೇ ವಾರದಲ್ಲಿ ತಿದ್ದುಪಡಿ ಬಂತು. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಜಮೀನು, ಮನೆಗಳಿಗೆ ಭಾರತದ ನಿವಾಸಿಗಳು ಇಂಡೆಕ್ಸೇಷನ್ ಸಹಿತ ಹಳೆಯ ಶೇ. 20 ಅಥವಾ ಅದಿಲ್ಲದ ಹೊಸ 12.5, ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಕಟ್ಟಬಹುದು. ಆ ಎರಡು ವಾರ ಮಾರಾಟದ ಕರಾರು ಮಾಡಿಕೊಂಡು ಕುಳಿತಿದ್ದವರಿಗೆ ನಿದ್ದೆ ಇರಲಿಲ್ಲ.

ಸುಂಕದ ವಿಷಯ ಮಾತ್ರ ಬೇರೆ, ಅಲ್ಲಿ ತಕ್ಷಣ ಜಾರಿ ಮಾಡದೆ ಗತ್ಯಂತರವಿಲ್ಲ. ಅದೇ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ಅದನ್ನು ತಿಂಗಳ ಮುಂಚೆ ಹೇಳಿದ್ದರೆ ಆ ತಿಂಗಳು ಯಾರೂ ಒಂದು ಗ್ರಾಂ ತರಿಸುತ್ತಿರಲಿಲ್ಲ. ಆದರೂ ನಗರ್ತಪೇಟೆಯಲ್ಲಿ ಹಳೆಯ ಸುಂಕದ ಚಿನ್ನ ದಾಸ್ತಾನಿಟ್ಟುಕೊಂಡಿದ್ದವರಿಗೆ ಅದು ರಾತ್ರೋರಾತ್ರಿ ಬಂದ ನಷ್ಟ. ಗಿರಾಕಿಗಳ ಸಂಭ್ರಮದಲ್ಲಿ ಅವರ ಮಾತು ಯಾರಿಗೆ ಕೇಳಿಸುತ್ತದೆ?

ಇನ್ನು, ಬಜೆಟ್ ಮಂಡಿಸುವ ದಿನವೇ ಬಜೆಟ್ ಮುಗಿಯಿತು ಎಂದುಕೊಳ್ಳುವುದು ಬೇಡ. ಸಾಲಪತ್ರಗಳಲ್ಲಿ ಹಣ ಹೂಡುವ ಡೆಟ್ ಮ್ಯೂಚುವಲ್ ಫಂಡ್‌ಗಳ ತೆರಿಗೆ ಅನುಕೂಲ ಹೋದದ್ದು 2023ರ ಮಾರ್ಚ್ 24ರಂದು, ಬಜೆಟ್ ಮಂಡನೆಯಾಗಿ ಏಳು ವಾರ ಕಳೆದ ಮೇಲೆ, ಮಸೂದೆಗೆ ತಂದ ತಿದ್ದುಪಡಿಗಳ ಮೂಲಕ. ಕಂಪನಿಗಳ ತೆರಿಗೆಯನ್ನು ಶೇ. 22ಕ್ಕೆ, ಹೊಸ ತಯಾರಿಕಾ ಕಂಪನಿಗಳಿಗೆ ಶೇ. 15ಕ್ಕೆ ಇಳಿಸಿದ ದೊಡ್ಡ ತೀರ್ಮಾನವಂತೂ ಯಾವ ಬಜೆಟ್ಟಿನಲ್ಲೂ ಬರಲಿಲ್ಲ. 2019ರ ಸೆಪ್ಟೆಂಬರ್ 20ರ ಒಂದು ಶುಕ್ರವಾರ, ಗೋವಾದಲ್ಲಿ ಪ್ರಕಟವಾಯಿತು. ಆ ವರ್ಷದ ಜುಲೈ ಬಜೆಟ್ಟಿನಲ್ಲಿ ವಿದೇಶಿ ಹೂಡಿಕೆದಾರರಿಗೂ ತಟ್ಟಿದ್ದ, ತೆರಿಗೆಯ ಮೇಲಿನ ಹೆಚ್ಚುವರಿ ಸರ್‌ಚಾರ್ಜನ್ನು ಅದಕ್ಕೂ ಒಂದು ತಿಂಗಳ ಮುಂಚೆ ಹಿಂದಕ್ಕೆ ಪಡೆದಾಗಿತ್ತು. ಬಜೆಟ್ ದಿನದ ಏರಿಳಿತ ನೋಡಿ ಷೇರು ಕೊಳ್ಳುವವರಿಗೆ, ಮಾರುವವರಿಗೆ ನಾನು ಹೇಳುವುದು ಇದನ್ನೇ: ಇನ್ನೂ ಬರೆದು ಮುಗಿಯದ ಕಾಗದಕ್ಕೆ ಸಹಿ ಹಾಕುತ್ತಿದ್ದೀರಿ.

ಹಾಗಾಗಿ ನನ್ನ ಹತ್ತಿರ ಲೆಕ್ಕ ಬರೆಸುವವರಿಗೆ ಬಜೆಟ್ ಬಗ್ಗೆ ಭವಿಷ್ಯ ಹೇಳುವುದಿಲ್ಲ. ನೀವು ಯಾರಿಗೆಲ್ಲ ಹಣ ಕೊಡಬೇಕೋ ಅವರ ಪಟ್ಟಿಯನ್ನು ಫೆಬ್ರವರಿಯಲ್ಲೇ ತೆಗೆಯಿರಿ, ಪ್ರತಿ ಪಾರ್ಟಿಯ ಉದ್ಯಮ್ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ, ಅದರಲ್ಲಿ ತಯಾರಿಕೆ ಅಥವಾ ಸೇವೆ ಎಂದಿದೆಯೋ ಬರೀ ವ್ಯಾಪಾರ ಎಂದಿದೆಯೋ ನೋಡಿ ಎನ್ನುತ್ತೇನೆ. ಬರೀ ವ್ಯಾಪಾರ ಎಂದಿದ್ದರೆ 45 ದಿನದ ಗಡುವು ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ "ಇನ್ನೂರು ಪೀಸ್ ಕಳಿಸಿ" ಎಂದಷ್ಟೇ ಬರೆದು ಆರ್ಡರ್ ಕೊಡುವವರು ಪಾವತಿಯ ಷರತ್ತನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ.