ಏರಿ ಇಲ್ಲದ ಕೆರೆ

ಫೋನ್ ಮಾಡಿದಾಗಲೆಲ್ಲ ಅಮ್ಮನ ಮೊದಲ ಪ್ರಶ್ನೆ ‘ಊಟ ಆಯ್ತಾ?’ ಎರಡನೆಯದು ‘ಇವತ್ತೂ ಓಡಿದ್ಯಾ?’ ಒಂದು ಭಾನುವಾರ, ಹೂಂ, ಕೆರೆ ಸುತ್ತ ಓಡಿ ಬಂದೆ ಅಂದೆ. ‘ಯಾರು ಕಟ್ಟಿಸಿದ ಕೆರೆನೋ ಅದು?’ ಅಂದಳು.

ಮೈಸೂರಿನವರು ಕೇಳಬೇಕಾದ ಪ್ರಶ್ನೆಯೇ. ನಾನು ಓಡುವುದನ್ನು ಕಲಿತದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಅದನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಅಂತ ಅಲ್ಲಿ ವಾಕಿಂಗ್ ಬರುವ ಯಾವ ಯಜಮಾನರನ್ನು ಕೇಳಿದರೂ ಹೇಳುತ್ತಾರೆ. ಕೆರೆ ಅಂದಮೇಲೆ ಕಟ್ಟಿಸಿದವರು ಒಬ್ಬರು ಇರಲೇಬೇಕು. ಈಗ ನಾನಿರುವುದು ಉತ್ತರ ಜರ್ಮನಿಯ ಪ್ಲೋನ್ ಎಂಬ ಊರಿನಲ್ಲಿ. ಕೀಲ್ ಮತ್ತು ಲ್ಯೂಬೆಕ್ ನಡುವೆ ರೈಲಿನಲ್ಲಿ ಹೋದರೆ ಸಿಗುತ್ತದೆ. ಹೆಂಡತಿಯ ಸಂಶೋಧನೆ ಕೆಲಸ ಇಲ್ಲಿಗೆ ಎಳೆದು ತಂದಿತು. (ಪ್ಲೋನ್ ಅಂತ ಬರೆದೆನೇ ಹೊರತು ಇಲ್ಲಿಯವರು ಹೇಳುವುದು ಹಾಗಲ್ಲ. ಬಾಯೊಳಗೆ ‘ಏ’ ಅನ್ನುತ್ತಾ ತುಟಿಯನ್ನು ‘ಓ’ಗೆ ಇಟ್ಟುಕೊಳ್ಳಬೇಕು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರ ಇಲ್ಲ.)

‘ಯಾರೂ ಕಟ್ಟಿಸಿಲ್ಲಮ್ಮ, ಮಂಜುಗಡ್ಡೆ ಮಾಡಿದ್ದು’ ಅಂದೆ. ‘ಹಾಗಾದ್ರೆ ಅದು ಕೆರೆ ಅಲ್ಲ ಕಣೋ, ಸರೋವರ ಅನ್ನು’ ಅಂದಳು. ಸರೋವರ ಅನ್ನಬಹುದು, ಹಂಸಗಳೂ ಇವೆ. ಆದರೆ ‘ಸರೋವರದ ಸುತ್ತ ಓಡಿ ಬಂದೆ’ ಅಂದರೆ ಹರಿಕಥೆ ದಾಸರ ಮಾತಿನ ಹಾಗೆ ಕೇಳಿಸುತ್ತದೆ. ಬೆವರು ಸುರಿಸಿಕೊಂಡು ಓಡುವವನಿಗೆ ಕೆರೆಯೇ ಸರಿ.

ಮಂಜುಗಡ್ಡೆಯ ಕಥೆ ಸುಳ್ಳಲ್ಲ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಹಿಮದ ಹಾಸು ಇಲ್ಲಿಯತನಕ ತೆವಳಿಕೊಂಡು ಬಂದಿತ್ತು. ಸುಮಾರು 15 ಸಾವಿರ ವರ್ಷಗಳ ಹಿಂದೆ ಅದು ಹಿಂದಕ್ಕೆ ಸರಿಯುವಾಗ ದೊಡ್ಡ ದೊಡ್ಡ ಗಡ್ಡೆಗಳು ಕಡಿದು ಇಲ್ಲೇ ಉಳಿದವು. ಮೇಲೆ ಮಣ್ಣು, ಜಲ್ಲಿ ಬಿದ್ದು ಹೂತುಹೋದವು. ಇದಕ್ಕೆ ಜರ್ಮನರು ಇಟ್ಟ ಹೆಸರಿನ ಅರ್ಥ ‘ಸತ್ತ ಮಂಜುಗಡ್ಡೆ’. ಸತ್ತದ್ದು ನಿಧಾನಕ್ಕೆ ಕರಗಿತು, ಮೇಲಿನ ನೆಲ ಕುಸಿಯಿತು, ತಗ್ಗಿನಲ್ಲಿ ನೀರು ನಿಂತಿತು. ಇಲ್ಲಿನ ಎಷ್ಟೋ ಕೆರೆಗಳು ಹೀಗೆ ಹುಟ್ಟಿದವು. ಎಲ್ಲಕ್ಕೂ ದೊಡ್ಡದು ನಮ್ಮ ಊರಿನ ಗ್ರೋಸರ್ ಪ್ಲೋನರ್ ಝೇ, ಅಂದರೆ ಪ್ಲೋನಿನ ದೊಡ್ಡ ಕೆರೆ. ಸುಮಾರು 30 ಚದರ ಕಿ.ಮೀ. ಇದೆ. ಸುತ್ತಮುತ್ತ ಮರಿಗಳು ಲೆಕ್ಕವಿಲ್ಲದಷ್ಟು.

ಈ ಸೀಮೆಗೆ ‘ಹೋಲ್‌ಸ್ಟೈನಿನ ಸ್ವಿಟ್ಜರ್ಲೆಂಡ್’ ಅಂತ ಹೆಸರು. ಅತಿ ಎತ್ತರದ ಬುಂಗ್ಸ್‌ಬೆರ್ಗ್ ಗುಡ್ಡ 168 ಮೀಟರ್. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರು ನಗಬೇಡಿ. ಓಡಲು ಬಂದರೆ ಗೊತ್ತಾಗುತ್ತದೆ. ಒಂದೂ ದೊಡ್ಡ ಏರು ಇಲ್ಲ, ಆದರೆ ಸಮತಟ್ಟು ಅನ್ನುವುದೂ ಇಲ್ಲ. ಮಗು ಹೊದಿಕೆ ಒಳಗೆ ಮೊಣಕಾಲು ಮಡಚಿ ಮಲಗಿದ ಹಾಗೆ ನೆಲ ಅಲ್ಲಲ್ಲಿ ಉಬ್ಬಿರುತ್ತದೆ. ಹತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ.

ಬಂದ ಹೊಸದರಲ್ಲಿ ನನಗಿದ್ದ ದೊಡ್ಡ ತಕರಾರು ಬೇರೆ. ಕೆರೆ ಸುತ್ತ ಓಡಿದರೂ ಕೆರೆ ಕಾಣುವುದಿಲ್ಲ. ಪ್ಲೋನಿನ ಅರಮನೆಯ ಕೆಳಗಿನಿಂದ ಪ್ರಿನ್ಸೆನ್‌ಇನ್ಸೆಲ್ ಕಡೆ ಹೋದರೆ ಸರಿ, ಅದು ನೀರೊಳಗೆ ಚಾಚಿಕೊಂಡ ಸಣ್ಣ ನೆಲದ ಪಟ್ಟಿ, ಎರಡೂ ಕಡೆ ನೀರು. ಉಳಿದ ಕಡೆ ದಾರಿಗೆ ನೀರಿನ ಮೇಲೆ ಆಸಕ್ತಿಯೇ ಇಲ್ಲ. ಬೀಚ್ ಎಂಬ ಜಾತಿಯ ಮರಗಳ ಕಾಡಿಗೆ ನುಗ್ಗುತ್ತದೆ, ಯಾರದೋ ಹೊಲದ ಅಂಚಿಗೆ ಹೋಗುತ್ತದೆ, ಹಳ್ಳಿಯೊಂದರ ಅಗ್ನಿಶಾಮಕದ ಷೆಡ್ ಮುಂದೆ ಹಾದು ಬಸ್ ಸ್ಟಾಪ್ ನೋಡಿಕೊಂಡು ಬರುತ್ತದೆ. ದಡದಲ್ಲಿ ಆಳೆತ್ತರದ ಜೊಂಡು. ಏರಿಯ ಮೇಲೆ ಓಡಿ ಬೆಳೆದವನಿಗೆ ಇದು ಮೋಸ ಅನ್ನಿಸಿತು. ಏರಿ ಅಂದರೆ ಒಂದು ಕಡೆ ನೀರು, ಒಂದು ಕಡೆ ಗದ್ದೆ, ನಡುವೆ ನಾನು. ಇಲ್ಲಿ ಕೆರೆ ಇದೆ ಅಂತ ನಂಬಿಕೊಂಡು ಓಡಬೇಕು.

ಮುಚ್ಚಿಡುವ ಕೆಲಸದಲ್ಲಿ ಮುಖ್ಯ ಆರೋಪಿ ಕ್ನಿಕ್. ಹೊಲ ಹೊಲದ ನಡುವೆ ಸುಮಾರು ಒಂದು ಮೀಟರ್ ಎತ್ತರಕ್ಕೆ ಮಣ್ಣು ಏರಿಸಿ, ಅದರ ಮೇಲೆ ಹೇಜಲ್, ಮುಳ್ಳುಗಿಡ, ಕಾಡುಗುಲಾಬಿ ಬೆಳೆಸಿದ ಜೀವಂತ ಬೇಲಿ ಇದು. 18ನೇ ಶತಮಾನದಲ್ಲಿ ಹಳ್ಳಿಯವರು ಒಟ್ಟಿಗೆ ಬಳಸುತ್ತಿದ್ದ ನೆಲವನ್ನು ಹಂಚಿ ಒಬ್ಬೊಬ್ಬರಿಗೆ ಕೊಟ್ಟಾಗ, ನಿನ್ನ ಪಾಲಿಗೆ ನೀನೇ ಬೇಲಿ ಹಾಕಿಕೋ ಅಂದರು. ಕಟ್ಟಿಗೆಗೆ ಬರ ಇದ್ದ ಕಾಲ. ಗಿಡ ನೆಟ್ಟು, ಕೊಂಬೆ ಬಗ್ಗಿಸಿ ಹೆಣೆದರು. ಬಗ್ಗಿಸುವ ಕೆಲಸದಿಂದಲೇ ಆ ಹೆಸರು. ಈಗ ದನ ತಡೆಯಲು ತಂತಿ ಇದೆ, ಆದರೂ ಕ್ನಿಕ್ ಕೀಳುವಂತಿಲ್ಲ, ಕಾನೂನಿನ ರಕ್ಷಣೆ ಇದೆ. ಹಕ್ಕಿ, ಹೆಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿ, ಜೇನು ಎಲ್ಲ ಅದರಲ್ಲೇ ಸಂಸಾರ ಹೂಡಿವೆ. ಬಿರುಗಾಳಿಯ ದಿನ ಅದರ ಮರೆಯಲ್ಲಿ ಓಡುವಾಗ ಕೈ ಮುಗಿಯಬೇಕು ಅನ್ನಿಸುತ್ತದೆ. ಗಾಳಿ ನಿಂತ ದಿನ ಮತ್ತೆ ಬಯ್ಯುತ್ತೇನೆ.

ಹಳ್ಳಿಗಳ ಬಗ್ಗೆ ತಕರಾರಿಲ್ಲ. ಊರು ಶುರುವಾಗುವಲ್ಲಿ ಹಳದಿ ಬೋರ್ಡು, ಕಪ್ಪು ಅಕ್ಷರ. ಮುಗಿಯುವಲ್ಲಿ ಅದೇ ಹೆಸರಿಗೆ ಕೆಂಪು ಅಡ್ಡಗೆರೆ, ಮೇಲೆ ಮುಂದಿನ ಊರು ಎಷ್ಟು ಕಿ.ಮೀ. ಅಂತ. ಊರನ್ನೇ ಪರೀಕ್ಷೆಯಲ್ಲಿ ಫೇಲ್ ಮಾಡಿದ ಹಾಗೆ ಕಾಣುತ್ತದೆ. ಕೆಂಪು ಗೆರೆಯಿಂದ ಮುಂದಿನ ಹಳದಿ ಬೋರ್ಡಿನ ತನಕ ಜೋರು ಓಟ, ಊರೊಳಗೆ ನಿಧಾನ. ಇದು ನನ್ನ ತರಬೇತಿ, ಇದಕ್ಕೆ ಕೋಚ್ ಬೇಡ. ಊರೊಳಗೆ ಸಿಕ್ಕವರೆಲ್ಲ ‘ಮೊಯ್ನ್’ ಅನ್ನುತ್ತಾರೆ. ಬೆಳಿಗ್ಗೆಯೂ ಮೊಯ್ನ್, ರಾತ್ರಿಯೂ ಮೊಯ್ನ್. ಉಬ್ಬಸ ಬರುವಾಗ ಎರಡಕ್ಷರದ ನಮಸ್ಕಾರ ಎಷ್ಟು ಅನುಕೂಲ ಅಂತ ಓಡುವವರಿಗೇ ಗೊತ್ತು. ಒಮ್ಮೆ ಉತ್ಸಾಹದಲ್ಲಿ ‘ಮೊಯ್ನ್ ಮೊಯ್ನ್’ ಅಂದೆ. ಬೇಲಿ ಕತ್ತರಿಸುತ್ತಿದ್ದ ಅಜ್ಜ, ಅದು ಬಾಯಿಬಡುಕರ ಮಾತು, ಒಂದು ಸಾಕು ಅಂದರು.

ದಿನಾ ಓಡುವುದು ಊರಾಚೆಯ ಒಂದು ಸಣ್ಣ ಕೆರೆ ಸುತ್ತ. ಮೊದಮೊದಲು ನೀರು ಬಲಗಡೆಗೆ ಬರುವ ಹಾಗೆ ಓಡುತ್ತಿದ್ದೆ. ಪ್ರದಕ್ಷಿಣೆ ಅಂದಮೇಲೆ ಬೇರೆ ದಿಕ್ಕು ಕಾಲಿಗೆ ತೋಚುವುದೇ ಇಲ್ಲ. ಅದನ್ನು ಕೆಡಿಸಿದ್ದು ಮೊಟ್ಟೆ.

ದಾರಿಯ ಮೊದಲ ಹಳ್ಳಿಯಲ್ಲಿ ಒಂದು ಮನೆ ಮುಂದೆ ಮರದ ಸಣ್ಣ ಕಪಾಟು ಇದೆ. ಬಾಗಿಲು ತೆಗೆದರೆ ಮೊಟ್ಟೆ, ಆಲೂಗಡ್ಡೆ, ಕೆಲವು ವಾರ ಜ್ಯಾಮ್ ಬಾಟಲಿ. ಪಕ್ಕದಲ್ಲಿ ತೂತಿರುವ ಡಬ್ಬಿ. ಅದನ್ನು ಇಲ್ಲಿ ನಂಬಿಕೆಯ ಗಲ್ಲಾ ಅನ್ನುತ್ತಾರೆ. ಕಾಯುವವರು ಯಾರೂ ಇಲ್ಲ, ಒಂದು ಬೆಕ್ಕು ಇದೆ, ಅದು ನಿದ್ದೆಯಲ್ಲಿರುತ್ತದೆ. ಒಂದು ದಿನ ಕಾಲುಚೀಲದಲ್ಲಿ ಮೂರು ಯೂರೊ ಇಟ್ಟುಕೊಂಡು ಹೋದೆ. ಬೆವರಿದ ನಾಣ್ಯವನ್ನು ಡಬ್ಬಿಗೆ ಹಾಕುವಾಗ ನಾಚಿಕೆ ಆಯಿತು. ಹತ್ತು ಮೊಟ್ಟೆಯ ಪೆಟ್ಟಿಗೆ ಎತ್ತಿಕೊಂಡೆ. ಆಮೇಲೆ ತಲೆಗೆ ಹೊಳೆಯಿತು, ಇನ್ನೂ ಐದು ಕಿ.ಮೀ. ಇದೆ.

ಎರಡೂ ಕೈಯಲ್ಲಿ ಹಿಡಿದುಕೊಂಡು, ಆರತಿ ತಟ್ಟೆ ಹೊತ್ತವನ ಹಾಗೆ, ಸೊಂಟದಿಂದ ಮೇಲೆ ಅಲುಗಾಡದೆ ಓಡಿದೆ. ಸೈಕಲ್ಲಿನಲ್ಲಿ ಬಂದ ಹೆಂಗಸೊಬ್ಬರು ‘ಮೊಯ್ನ್’ ಅಂದರು, ದಾಟಿಹೋದಮೇಲೆ ತಿರುಗಿ ನೋಡಿದರು. ಕಾಡಿನ ಬೇರುಗಳ ಹತ್ತಿರ ನಡೆದೆ. ಹುಲ್ಲಿನ ದಾರಿಯಲ್ಲಿ ಮೊಣಕಾಲಿಗೆ ಏನೋ ಹತ್ತಿದ ಹಾಗಾಯಿತು, ಉಣ್ಣಿ ಇರಬಹುದು, ಆದರೆ ನೋಡಲು ಕೈ ಖಾಲಿ ಇಲ್ಲ. ಮನೆಗೆ ಬಂದು ಮುಚ್ಚಳ ತೆಗೆದರೆ ಒಂಬತ್ತು ಸರಿಯಾಗಿದ್ದವು. ಹತ್ತನೆಯದು ಒಡೆದಿರಲಿಲ್ಲ, ಬಿರುಕು ಬಿಟ್ಟಿತ್ತು ಅಷ್ಟೆ. ಉಣ್ಣಿ ಸುಳ್ಳು, ಹುಲ್ಲಿನ ಬೀಜ.

ಮಾರನೆಯ ವಾರದಿಂದ ದಿಕ್ಕು ಬದಲಾಯಿಸಿದೆ. ಈಗ ಮೊಟ್ಟೆ ಮನೆ ಕೊನೆಗೆ ಬರುತ್ತದೆ. ‘ಮೊಟ್ಟೆಗೋಸ್ಕರ ಅಪ್ರದಕ್ಷಿಣೆ ಹಾಕ್ತಿದ್ಯಾ?’ ಅಂದಳು ಅಮ್ಮ. ಅವಳಿಗೆ ಮೊಟ್ಟೆಯೇ ಒಂದು ಅಪರಾಧ, ಇದು ಎರಡನೆಯದು.

ದೊಡ್ಡ ಕೆರೆಯನ್ನೂ ಒಮ್ಮೆ ಸುತ್ತಲು ಹೊರಟಿದ್ದೆ. ಸುತ್ತು ಹತ್ತಿರ ಹತ್ತಿರ 40 ಕಿ.ಮೀ. ಮೇ ತಿಂಗಳು, ರಾಪ್ಸ್ ಹೂ ಬಿಟ್ಟಿತ್ತು. ಅದು ಸಾಸಿವೆಯ ದಾಯಾದಿ, ಎಣ್ಣೆಗೆ ಬೆಳೆಯುತ್ತಾರೆ. ಗುಡ್ಡಕ್ಕೆ ಗುಡ್ಡವೇ ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಆಶೆಬೆರ್ಗ್ ಆಯಿತು, ಡೆರ್ಸಾವ್ ಆಯಿತು, ನೇಮ್ಟೆನ್ ಕಡೆಯ ಕಾಡು ಆಯಿತು. ಬೋಸಾವ್ ತಲುಪುವಾಗ ಕಾಲು ನನ್ನ ಮಾತು ಕೇಳುವುದು ಬಿಟ್ಟಿತ್ತು. ಅಲ್ಲಿ ನೀರಿನ ಪಕ್ಕದಲ್ಲೇ 12ನೇ ಶತಮಾನದ ಚರ್ಚು. ಹೊಲದಲ್ಲಿ ಸಿಗುವ ಗುಂಡುಕಲ್ಲುಗಳ ಗೋಡೆ. ಆ ಕಲ್ಲುಗಳನ್ನು ಉತ್ತರದಿಂದ ಉರುಳಿಸಿಕೊಂಡು ಬಂದದ್ದೂ ಅದೇ ಹಿಮ. ಈ ಚರ್ಚಿನ ಪಾದ್ರಿ ಹೆಲ್ಮೋಲ್ಡ್, ಜರ್ಮನರಿಗಿಂತ ಮೊದಲು ಇಲ್ಲಿದ್ದ ಸ್ಲಾವ್ ಜನರ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟವರು. ಪ್ಲೋನ್ ಅನ್ನುವ ಹೆಸರೂ ಸ್ಲಾವ್ ಮಾತಿನಿಂದ ಬಂದದ್ದೇ.

ನಾನು ಆ ಗೋಡೆಗೆ ಒರಗಿ ಕೂತಿದ್ದೆ. ದಡಕ್ಕೆ ಪ್ರವಾಸಿಗರ ದೋಣಿ ಬಂತು. ಎಲ್ಲಿಗೆ ಅಂತ ಕೇಳಿದೆ, ಪ್ಲೋನಿಗೆ ಅಂದರು. ಹತ್ತಿಬಿಟ್ಟೆ. ಇದನ್ನು ಮೈಸೂರಿನ ಓಟದ ಗೆಳೆಯರಿಗೆ ಹೇಳಿಲ್ಲ. ಅಂತೂ ಆ ದಿನ ಕೆರೆಯನ್ನು ಮನಸಾರೆ ನೋಡಿದೆ. ತಮಾಷೆ ಅಂದರೆ, ನೀರಿನ ನಡುವಿನಿಂದ ನೋಡಿದರೆ ನಾನು ಓಡಿದ ದಾರಿ ಒಂದು ಚೂರೂ ಕಾಣಲಿಲ್ಲ. ಬರೀ ಹಸಿರು.

ಮೊನ್ನೆ ಫೆಬ್ರುವರಿ ಕೊನೆಯಲ್ಲಿ ಸಣ್ಣ ಕೆರೆಯ ದಾರಿಯಲ್ಲಿ ತಿರುವು ದಾಟಿದವನು ನಿಂತುಬಿಟ್ಟೆ. ಕ್ನಿಕ್ ಇರಲಿಲ್ಲ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರ ತನಕ ಹಕ್ಕಿಗಳಿಗೋಸ್ಕರ ಬೇಲಿಗೆ ಕೊಡಲಿ ಹಾಕುವಂತಿಲ್ಲ. ಹಾಗಾಗಿ ಗಡುವಿನ ಒಳಗೆ ರೈತ ಕೆಲಸ ಮುಗಿಸಿದ್ದ. ಹತ್ತು ಹದಿನೈದು ವರ್ಷಕ್ಕೊಮ್ಮೆ ಹೀಗೆ ಬುಡದ ತನಕ ಕಡಿಯುತ್ತಾರೆ, ಇಲ್ಲದಿದ್ದರೆ ಬೇಲಿ ಮರವಾಗಿ ಕೆಳಗೆ ಬೋಳಾಗುತ್ತದಂತೆ. ಮಣ್ಣಿನ ದಿಬ್ಬದ ಮೇಲೆ ಬಿಳಿ ಮೊಂಡುಗಳು, ಪಕ್ಕದಲ್ಲಿ ಕೊಂಬೆಗಳ ರಾಶಿ. ಅದರಾಚೆ, ಎರಡು ವರ್ಷ ನಾನು ನಂಬಿಕೊಂಡು ಓಡಿದ ನೀರು. ಬೂದು ಬಣ್ಣ, ಅಂಚಿನಲ್ಲಿ ತೆಳ್ಳಗೆ ಮಂಜುಗಡ್ಡೆ.

ತಕ್ಷಣ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಎಷ್ಟೋ ಸಲ ‘ಕೆರೆ ತೋರಿಸೋ’ ಅಂದು, ಬರೀ ಬೇಲಿ ನೋಡಿ ಸಾಕಾಗಿದ್ದಳು. ಅಲ್ಲಿ ಮಧ್ಯಾಹ್ನ ದಾಟಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಳು.

‘ಚೆನ್ನಾಗಿದೆ. ಯಾರೂ ಕಟ್ಟಿಸಿಲ್ಲ ಅಂದ್ಯಲ್ಲ, ಅಲ್ಲೇ ಏರಿ ಇದೆಯಲ್ಲೋ.’

‘ಏರಿ ಅಲ್ಲಮ್ಮ, ಅದು ಹೊಲದ ಬೇಲಿ. ಮೇಲಿನ ಗಿಡ ಕಡಿದಿದ್ದಾರೆ.’

‘ಮಣ್ಣು ಏರಿಸಿದ್ದಾರೆ, ಆ ಕಡೆ ನೀರು, ಈ ಕಡೆ ಹೊಲ. ಏರಿ ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ? ನೀನು ಅದರ ಕೆಳಗೆ ಯಾಕೆ ನಿಂತಿದ್ಯಾ, ಮೇಲೆ ಹತ್ತು.’

ಹತ್ತುವ ಹಾಗಿಲ್ಲ ಅಂತ ಹೇಳುವುದರೊಳಗೆ ಯಾರೋ ಬೆಲ್ ಮಾಡಿದರು, ಹಾಲಿನವನು ಇರಬೇಕು ಅಂತ ಅವಳು ಎದ್ದುಹೋದಳು. ಪರದೆಯ ಮೇಲೆ ಮೈಸೂರಿನ ಮನೆಯ ಫ್ಯಾನ್ ತಿರುಗುತ್ತಿತ್ತು. ಅತ್ತ ಇತ್ತ ನೋಡಿದೆ. ಯಾರೂ ಇರಲಿಲ್ಲ. ಒಂದು ಕಾಲು ದಿಬ್ಬದ ಮೇಲೆ ಇಟ್ಟೆ.

‘ಮೊಯ್ನ್’ ಅಂತ ಹಿಂದಿನಿಂದ ಟ್ರ್ಯಾಕ್ಟರ್ ಬಂತು.